ಬೆಲ್ಲನನ್ನು ಯಾರ ಕೈಗೆ ಕೊಡಲಿ?

ಪ್ರಶ್ನೆ: ನಾವು ಅಮೆರಿಕದ ಕೊಲರಾಡೊದಲ್ಲಿ, ಗ್ರೀಲಿ ಹತ್ತಿರ ಇದ್ದೇವೆ. ನಮ್ಮಲ್ಲಿ ಕ್ವಾರ್ಟರ್ ಹಾರ್ಸ್ ಅನ್ನುವ ಅಮೆರಿಕದ ತಳಿಯ 13 ವರ್ಷದ ಕುದುರೆ ಇದೆ, ಬೀಜ ತೆಗೆಸಿದ ಗಂಡು. ಬಣ್ಣ ನೋಡಿ ಮಗಳು ‘ಬೆಲ್ಲ’ ಅಂತ ಹೆಸರಿಟ್ಟಳು. ಮೊದಲು ಪಕ್ಕದ ರ‍್ಯಾಂಚಿನಲ್ಲಿ ದನ ಅಟ್ಟುವ ಕೆಲಸ ಮಾಡಿದೆ. 6 ವರ್ಷದಿಂದ ನಮ್ಮ ಜೊತೆ ಬೆಟ್ಟದ ದಾರಿ ಸುತ್ತಿದೆ. ಈಗ ಮಗಳು ಕಾಲೇಜಿಗೆ ಹೋದಳು, ನನಗೆ ಮಂಡಿ ಆಪರೇಷನ್ ಆಗಿದೆ. ಮಾರಲೇಬೇಕು. ಚಳಿಯಲ್ಲಿ ಅದರ ಎಡ ಮುಂಗಾಲು ಸ್ವಲ್ಪ ಬಿಗಿಯುತ್ತೆ. ಹೇಳಿದರೆ ಬೆಲೆ ಬೀಳುತ್ತೆ, ಸುಮ್ನೆ ಇರು ಅಂತಾರೆ ನಮ್ಮ ಯಜಮಾನರು. ಏನು ಮಾಡಲಿ ಡಾಕ್ಟ್ರೇ?
– ಓದುಗರು, ಕೊಲರಾಡೊ

ಉತ್ತರ: ಹೇಳಿಬಿಡಿ ತಾಯಿ. ಜಾಹೀರಾತಿನಲ್ಲೇ ಬರೆಯಿರಿ.

ನಮ್ಮಪ್ಪ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹಳ್ಳಿಕಾರ್ ಎತ್ತು ಹೊಡಕೊಂಡು ಹೋಗುತ್ತಿದ್ದರು. ಕೊಳ್ಳುವವರು ಹಲ್ಲು ನೋಡುತ್ತಿದ್ದರು, ಸುಳಿ ನೋಡುತ್ತಿದ್ದರು, ಟವೆಲ್ ಕೆಳಗೆ ಬೆರಳು ಹಿಡಿದು ಬೆಲೆ ಕಟ್ಟುತ್ತಿದ್ದರು. ಅಪ್ಪ ಮಾತ್ರ ಮೊದಲೇ ಹೇಳಿಬಿಡುತ್ತಿದ್ದರು: ‘ಇದು ಎಡಕ್ಕೆ ಕಟ್ಟಿದ ಎತ್ತು, ಬಲಕ್ಕೆ ಕಟ್ಟಿದರೆ ಎಳೆಯಲ್ಲ.’ ಅಷ್ಟು ಕೇಳಿ ಕೆಲವರು ಎದ್ದು ಹೋಗುತ್ತಿದ್ದರು. ಎಡಗಡೆಗೆ ಎತ್ತು ಬೇಕಾದವನು ಬಂದು ಒಳ್ಳೆ ಬೆಲೆಯನ್ನೇ ಕೊಡುತ್ತಿದ್ದ.

ನಾನೂ ಕೊಲರಾಡೊದಲ್ಲಿ ಪಶುವೈದ್ಯನಾಗಿ ಕೆಲಸ ಮಾಡಿದವನು. ಅಲ್ಲಿ ಒಂದು ಬೂದು ಕುದುರೆ ಕೊಂಡೆ. ಕೊಂಡ ದಿನ ನಡಿಗೆ ಎಷ್ಟು ಚೆನ್ನಾಗಿತ್ತು ಅಂದರೆ ನಾನು ಪರೀಕ್ಷೆಯನ್ನೇ ಮಾಡಲಿಲ್ಲ. ಮೂರನೇ ದಿನ ಕುಂಟಲು ಶುರುವಾಯಿತು. ಮಾರಿದವರು ನೋವಿನ ಔಷಧಿ ಕೊಟ್ಟು ಕುಂಟು ಕಾಣದ ಹಾಗೆ ಮಾಡಿದ್ದರು. ಹಣ ಹೋದದ್ದಕ್ಕಿಂತ, ಆ ನೋಯುವ ಕಾಲಿನ ಮೇಲೆ ನಾನು ಎರಡು ದಿನ ಸವಾರಿ ಮಾಡಿದ್ದೆನಲ್ಲ, ಅದು ಇವತ್ತಿಗೂ ಚುಚ್ಚುತ್ತೆ. ಆದ್ದರಿಂದ ಕೊಳ್ಳುವವರು ತಮ್ಮದೇ ಡಾಕ್ಟರನ್ನು ಕರೆತರಲಿ. ಕಾಲು ಮಡಿಸಿ ಹಿಡಿದು, ಬಿಟ್ಟ ತಕ್ಷಣ ಓಡಿಸಿ ನೋಡಲಿ, ಎಕ್ಸ್‌ರೇ ತೆಗೆಯಲಿ, ಔಷಧಿ ಕೊಟ್ಟಿದ್ದಾರಾ ಅಂತ ರಕ್ತ ಪರೀಕ್ಷೆಯನ್ನೂ ಮಾಡಿಸಲಿ. ನೀವೇ ಮುಂದಾಗಿ ಹೇಳಿ.

13 ವರ್ಷ ವಯಸ್ಸು ದೋಷವಲ್ಲ. ಚೆನ್ನಾಗಿ ನೋಡಿಕೊಂಡರೆ ಕುದುರೆ 25-30 ವರ್ಷ ಬದುಕುತ್ತೆ. ಹೊಸದಾಗಿ ಸವಾರಿ ಕಲಿತವರಿಗೆ, ಮಧ್ಯವಯಸ್ಸಿನವರಿಗೆ ಬೇಕಾದ್ದು ಇಂಥ ಪಳಗಿದ ಕುದುರೆಯೇ. ದಿನವಿಡೀ ದನದ ಹಿಂದೆ ಓಡಿಸುವ ರ‍್ಯಾಂಚಿಗೆ ಬೆಲ್ಲ ಬೇಡ. ವಾರಕ್ಕೆರಡು ದಿನ ಬೆಟ್ಟದ ದಾರಿಯಲ್ಲಿ ನಿಧಾನವಾಗಿ ಹೋಗುವವರನ್ನು ಹುಡುಕಿ.

ಫೋಟೊಗಿಂತ ವಿಡಿಯೊ ಮುಖ್ಯ. ಎಲ್ಲೂ ಕತ್ತರಿಸಬೇಡಿ. ಹುಲ್ಲುಗಾವಲಲ್ಲಿ ಹೋಗಿ ಹಿಡಿಯುವುದು, ಜೀನು ಹಾಕುವುದು, ಹತ್ತುವಾಗ ಅಲುಗದೆ ನಿಲ್ಲುವುದು, ತೊರೆ ದಾಟುವುದು, ಟ್ರೇಲರ್‌ಗೆ ತಾನಾಗೇ ಹತ್ತುವುದು ಎಲ್ಲ ಇರಲಿ. ಗೇಟು ತೆಗೆಯುವುದನ್ನಂತೂ ಬಿಡಬೇಡಿ. ಸವಾರ ಇಳಿಯದೆ ಚಿಲಕ ತೆಗೆಯಬೇಕಾದರೆ ಕುದುರೆ ಗೇಟಿನ ಪಕ್ಕಕ್ಕೆ ಅಡ್ಡಡ್ಡ ಹೆಜ್ಜೆ ಇಟ್ಟು ಬರಬೇಕು, ಚಿಲಕ ಬಿಚ್ಚುವ ತನಕ ಕಲ್ಲಿನ ಹಾಗೆ ನಿಲ್ಲಬೇಕು, ಆಮೇಲೆ ಗೇಟಿನ ಜೊತೆಗೇ ಸರಿಯಬೇಕು. ಗೊತ್ತಿರುವವರು ಆ ಅರ್ಧ ನಿಮಿಷ ನೋಡಿಯೇ ಕುದುರೆಯನ್ನು ಅಳೆದುಬಿಡುತ್ತಾರೆ. ನಿಮ್ಮ ಮಂಡಿ ಸರಿಯಿಲ್ಲ ಅಲ್ವಾ, ಪಕ್ಕದ ರ‍್ಯಾಂಚಿನವರನ್ನು ಕೇಳಿ, ಅವರಿಗೆ ಬೆಲ್ಲ ಗೊತ್ತು. ನೋಡಲು ಬಂದವರ ಮುಂದೆಯೂ ಮೊದಲು ಅವರೇ ಹತ್ತಲಿ, ಬಂದವರು ಆಮೇಲೆ.

ಕಾಗದ ಪತ್ರದ ಮಾತು. ಕುದುರೆಗೆ ಅಂಟುವ ರಕ್ತಹೀನತೆ ರೋಗ ಇದೆಯಾ ಅಂತ ನೋಡುವ ಕಾಗಿನ್ಸ್ ರಕ್ತ ಪರೀಕ್ಷೆಯ ವರದಿ ಕೈಯಲ್ಲಿರಲಿ. ಬೇರೆ ರಾಜ್ಯಕ್ಕೆ ಹೋಗುವುದಾದರೆ ಡಾಕ್ಟರ ಆರೋಗ್ಯ ಪತ್ರವೂ ಬೇಕು. ಕೊಲರಾಡೊದಲ್ಲಿ ಒಡೆತನದ ಮುದ್ರೆ (ಬ್ರ್ಯಾಂಡ್) ಹಾಕದ ಕುದುರೆಯಾದರೂ ಮಾರುವಾಗ ಒಡೆತನ ಪರಿಶೀಲಿಸುವ ಬ್ರ್ಯಾಂಡ್ ಇನ್ಸ್‌ಪೆಕ್ಟರ್ ತಪಾಸಣೆ ಕಡ್ಡಾಯ. ನೋಂದಣಿ ಇದ್ದರೆ ಟೆಕ್ಸಸ್ ರಾಜ್ಯದ ಅಮರಿಲ್ಲೊದಲ್ಲಿರುವ ಕ್ವಾರ್ಟರ್ ಹಾರ್ಸ್ ಸಂಘದ ವರ್ಗಾವಣೆ ಫಾರ್ಮಿಗೆ ಸಹಿ ಹಾಕಿ. ಬ್ಯಾಂಕ್ ಚೆಕ್ ಕೊಟ್ಟರೆ ನಕಲಿ ಅಲ್ಲ ಅಂತ ಬ್ಯಾಂಕಿನವರು ಖಚಿತಪಡಿಸುವ ತನಕ ಕುದುರೆ ಬಿಡಬೇಡಿ.

ಇನ್ನೊಂದು ವಿಷಯ ಹೇಳಲು ಸಂಕಟವಾಗುತ್ತೆ. ಅಮೆರಿಕದೊಳಗಿನ ಕುದುರೆ ಕಸಾಯಿಖಾನೆಗಳು 2007ರಲ್ಲೇ ಮುಚ್ಚಿದವು. ಆದರೆ ಅದಾದ ಮೇಲೂ ಲಾರಿಗಳಲ್ಲಿ ಕುದುರೆಗಳನ್ನು ತುಂಬಿ ಮೆಕ್ಸಿಕೊ, ಕೆನಡಾಕ್ಕೆ ಸಾಗಿಸಿದ್ದಾರೆ. ಬೆಲೆ ತೀರಾ ಇಳಿಸಿದರೆ ಅಂಥ ವ್ಯಾಪಾರಿಗಳ ಕಣ್ಣು ಬೀಳುತ್ತೆ. ಕೊಳ್ಳುವವರ ಲಾಯ ನೋಡಿ ಬನ್ನಿ. ಮುಂದೆ ಅವರು ಮಾರುವುದಾದರೆ ಮೊದಲು ನಿಮ್ಮನ್ನೇ ಕೇಳಬೇಕು ಅಂತ ಕರಾರು ಬರೆಸಿಕೊಳ್ಳಿ.

ಕಳಿಸುವ ದಿನ ಬೆಲ್ಲನ ಬಾಯಿಗೆ ಒಗ್ಗಿದ ಕಡಿವಾಣವನ್ನು ಜೊತೆಗೇ ಕೊಡಿ. ಈಗ ತಿನ್ನುತ್ತಿರುವ ಒಣಹುಲ್ಲೂ ಹತ್ತು ದಿನಕ್ಕೆ ಆಗುವಷ್ಟು ಹೋಗಲಿ. ಮೇವು ದಿಢೀರ್ ಬದಲಾದರೆ ಹೊಟ್ಟೆನೋವು ಬರುತ್ತೆ, ಕುದುರೆಗೆ ಅದು ಪ್ರಾಣಕ್ಕೇ ಬರಬಹುದು. ಹೊಸ ಹುಲ್ಲನ್ನು ದಿನಾ ಸ್ವಲ್ಪ ಸ್ವಲ್ಪ ಬೆರೆಸಿ ಕೊಡಲು ಅವರಿಗೆ ಹೇಳಿ. ಮಗಳು ರಜಕ್ಕೆ ಬಂದಾಗಲೇ ಕಳಿಸಿಕೊಡುವ ಹಾಗಿದ್ದರೆ ಹಾಗೇ ಮಾಡಿ. ಹೆಸರಿಟ್ಟವಳು ಅವಳು.