ವಿದೇಶದಲ್ಲಿ ಓದಿ ಬಂದವರಿಗೆ ಹೆರಿಗೆ ಕೊಠಡಿಯ ದಾರಿ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದವು. ಹೊರದೇಶಗಳಲ್ಲಿ ವೈದ್ಯಕೀಯ ಓದಿ ಮರಳಿದ ಹೆಣ್ಣುಮಕ್ಕಳು ಇಲ್ಲಿ ಹೆಂಗಸರ ಆರೋಗ್ಯದ ಕೆಲಸಕ್ಕೆ ಸೇರುವುದು ಹೇಗೆ? ಒಬ್ಬ ಸ್ತ್ರೀರೋಗ ತಜ್ಞೆ ಮತ್ತು ವೈದ್ಯರ ನೇಮಕಾತಿಯ ಕಾಗದಪತ್ರ ಬಲ್ಲ ಒಬ್ಬ ಅಧಿಕಾರಿ ಸೇರಿ ಉತ್ತರಿಸಿದ್ದಾರೆ.

ಮಗಳು ಕಿರ್ಗಿಸ್ತಾನದಲ್ಲಿ ಓದು ಮುಗಿಸಿ ಬಂದಿದ್ದಾಳೆ. ಡಿಗ್ರಿಯ ಮೇಲೆ ಎಂ.ಡಿ. ಎಂದೇ ಇದೆ. ಇಲ್ಲಿನ ಒಂದು ನರ್ಸಿಂಗ್ ಹೋಮ್‌ನವರು 'ಪರೀಕ್ಷೆ ಆಮೇಲೆ ಬರೀಲಿ, ಈಗಲೇ ಬಂದು ಲೇಡಿ ಡಾಕ್ಟರಾಗಿ ಕೂರಲಿ' ಎನ್ನುತ್ತಾರೆ. ಕಳಿಸಬಹುದೇ?
— ಶಿರಾದ ತಂದೆಯೊಬ್ಬರು

ಕಳಿಸಬೇಡಿ. ನೋಂದಣಿಯಿಲ್ಲದೆ ರೋಗಿಗಳನ್ನು ನೋಡಿದರೆ 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 34ನೇ ಕಲಮಿನ ಪ್ರಕಾರ ಒಂದು ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಬೀಳಬಹುದು. ಹೆರಿಗೆಯಲ್ಲಿ ಹೆಚ್ಚುಕಡಿಮೆಯಾದರೆ ಸಿಕ್ಕಿಬೀಳುವವಳು ನಿಮ್ಮ ಮಗಳು. ಆ ಎಂ.ಡಿ. ಇಲ್ಲಿ ಎಂ.ಬಿ.ಬಿ.ಎಸ್.ಗೆ ಸಮ, ಅಷ್ಟೇ. ಬೋರ್ಡಿನಲ್ಲಿ ಎಂ.ಡಿ. ಎಂದು ಬರೆಸಿದರೆ ಬಸುರಿಯರಿಗೆ ತಾನು ತಜ್ಞೆ ಎಂದು ನಂಬಿಸಿದಂತಾಗುತ್ತದೆ.

ಮೊದಲ ಮೆಟ್ಟಿಲು ಎಫ್.ಎಂ.ಜಿ.ಇ., ಅಂದರೆ ಹೊರದೇಶದಲ್ಲಿ ವೈದ್ಯಕೀಯ ಓದಿದವರು ಇಲ್ಲಿ ನೋಂದಣಿಗೆ ಮುನ್ನ ಪಾಸಾಗಬೇಕಾದ ಪರೀಕ್ಷೆ. ವರ್ಷಕ್ಕೆ ಎರಡು ಸಲ ನಡೆಯುತ್ತದೆ. ಒಟ್ಟು 300 ಪ್ರಶ್ನೆ, 150ರಂತೆ ಎರಡು ಭಾಗ, ಪ್ರತಿ ಭಾಗಕ್ಕೆ 150 ನಿಮಿಷ. 150 ಅಂಕ ಬಂದರೆ ಪಾಸು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಒಂದೂ ಪ್ರಶ್ನೆ ಬಿಡಬಾರದು. ಪ್ರಸೂತಿ ಮತ್ತು ಸ್ತ್ರೀರೋಗಕ್ಕೆ 30 ಅಂಕ, ಸಮುದಾಯ ವೈದ್ಯಕೀಯಕ್ಕೆ 30 ಅಂಕ. ಮುಂದೆ ಹೆಂಗಸರ ಆರೋಗ್ಯದಲ್ಲೇ ದುಡಿಯುವವಳಿಗೆ ಈ 60 ಅಂಕದ ಓದು ಎರಡು ಸಲ ಫಲ ಕೊಡುತ್ತದೆ. ಪಾಸಾದ ಮೇಲೆ ಬೆಂಗಳೂರಿನ ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ತಾತ್ಕಾಲಿಕ ನೋಂದಣಿ, ಆಮೇಲೆ ಒಂದು ವರ್ಷದ ಇಂಟರ್ನ್‌ಶಿಪ್, ಅದು ಮುಗಿದ ಮೇಲೆ ಕಾಯಂ ನೋಂದಣಿ. ತಾತ್ಕಾಲಿಕ ನೋಂದಣಿ ಇಂಟರ್ನ್‌ಶಿಪ್‌ಗೆ ಮಾತ್ರ ಕೊಟ್ಟದ್ದು. ಅದನ್ನು ಹಿಡಿದು ಹೊರಗೆ ಔಷಧಿ ಚೀಟಿ ಬರೆಯುವಂತಿಲ್ಲ.

2021ರ ನವೆಂಬರ್ 18ರ ನಂತರ ವಿದೇಶದ ಕಾಲೇಜು ಸೇರಿದವರಿಗೆ ನಿಯಮ ಬಿಗಿಯಾಗಿದೆ. ಕನಿಷ್ಠ 54 ತಿಂಗಳ ಓದು, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್, ಇಲ್ಲಿ ಮತ್ತೆ 12 ತಿಂಗಳು, ಇಂಗ್ಲಿಷ್ ಮಾಧ್ಯಮ, ಆ ದೇಶದಲ್ಲಿ ವೈದ್ಯಳಾಗಿ ದುಡಿಯಲು ಅರ್ಹತೆ. ಎಲ್ಲವೂ ಸೇರಿದ ದಿನದಿಂದ 10 ವರ್ಷದೊಳಗೆ ಮುಗಿಯಬೇಕು.

ಹೆಚ್ಚಿನವರ ಅರ್ಜಿ ಮುಗ್ಗರಿಸುವುದು ಕಾಗದಗಳಲ್ಲಿ. ಡಿಗ್ರಿಗೆ ಆ ದೇಶದ ಭಾರತೀಯ ರಾಯಭಾರ ಕಚೇರಿಯ ದೃಢೀಕರಣ ಅಥವಾ ಅಪೊಸ್ಟಿಲ್ (ಕಾಗದ ಅಸಲಿ ಎಂದು ಆ ದೇಶದ ಸರ್ಕಾರ ಹಾಕುವ ಮುದ್ರೆ) ಇರಲೇಬೇಕು. ವಿಮಾನ ಹತ್ತುವ ಮೊದಲೇ ಮಾಡಿಸಿಕೊಂಡರೆ ಕೆಲವು ದಿನಗಳ ಕೆಲಸ, ಇಲ್ಲಿಗೆ ಬಂದ ಮೇಲೆ ತಿಂಗಳುಗಟ್ಟಲೆ ಅಲೆದಾಟ. ಪಾಸ್‌ಪೋರ್ಟಿನ ಎಲ್ಲ ಪುಟಗಳು ಬೇಕು. ಹೋದ, ಬಂದ ದಿನಾಂಕದ ಮುದ್ರೆಗಳನ್ನು ಓದಿನ ಅವಧಿಯ ಜೊತೆ ತಾಳೆ ನೋಡುತ್ತಾರೆ. ಆನ್‌ಲೈನ್ ತರಗತಿ ನಡೆದ ಅವಧಿಯಿದ್ದರೆ ಅದನ್ನು ಹೇಗೆ ಸರಿದೂಗಿಸಲಾಯಿತು ಎಂಬ ಪತ್ರ ವಿಶ್ವವಿದ್ಯಾಲಯದಿಂದ ಬರಬೇಕು. ಇನ್ನು ನಮ್ಮ ಕಡೆಯ ವಿಶೇಷ ತೊಡಕು ಇನಿಷಿಯಲ್. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ಎರಡಕ್ಷರ ಮಾತ್ರ ಇರುತ್ತದೆ. ಪಾಸ್‌ಪೋರ್ಟಿನಲ್ಲಿ ಊರು, ತಂದೆಯ ಹೆಸರು ಬಿಡಿಸಿ ಬರೆದಿರುತ್ತಾರೆ. ಡಿಗ್ರಿ ಪಾಸ್‌ಪೋರ್ಟನ್ನೇ ಅನುಸರಿಸುತ್ತದೆ. ಎರಡೂ ಒಬ್ಬರದೇ ಹೆಸರು ಎಂಬ ಪ್ರಮಾಣಪತ್ರವನ್ನು ನೋಟರಿ ಬಳಿ ಮೊದಲೇ ಮಾಡಿಸಿಟ್ಟುಕೊಳ್ಳಿ.

ಎಫ್.ಎಂ.ಜಿ.ಇ. ಪಾಸಾಗಿದೆ, ಇಂಟರ್ನ್‌ಶಿಪ್ ಶುರುವಾಗಲಿದೆ. ಪ್ರಸೂತಿ ವಿಭಾಗದ ವಾರಗಳನ್ನು ಹೇಗೆ ಬಳಸಿಕೊಂಡರೆ ಮುಂದೆ ಕೆಲಸ ಸಿಗುತ್ತದೆ? ಓದಿದ ಕಡೆ ಹೆರಿಗೆಯನ್ನು ದೂರ ನಿಂತು ನೋಡಿದ್ದಷ್ಟೇ.
— ಚಿಂತಾಮಣಿಯ ಓದುಗರು

ನಿಮಗೆ ಪ್ರಸೂತಿ ಮತ್ತು ಕುಟುಂಬ ಕಲ್ಯಾಣಕ್ಕೆ ಸಿಗುವುದು 7 ವಾರ. ಕೆಲಸ ಕೊಡುವವರು ಕೇಳುವುದು ಅಂಕವನ್ನಲ್ಲ, 'ರಾತ್ರಿ ಎರಡು ಗಂಟೆಗೆ ಒಬ್ಬಳೇ ಇದ್ದರೆ ಏನು ಮಾಡ್ತೀಯಮ್ಮ' ಎಂಬುದನ್ನು. ಉತ್ತರ ಕೈಯಲ್ಲಿರಬೇಕು. ಹೆರಿಗೆಗಳು ರಾತ್ರಿ ಹೊತ್ತಿನಲ್ಲೂ ಆಗುತ್ತವೆ, ಆ ಹೊತ್ತಿನಲ್ಲಿ ಕಲಿಯುವವರ ಗುಂಪು ಚಿಕ್ಕದು. ರಾತ್ರಿ ಪಾಳಿಯನ್ನು ಕೇಳಿ ಪಡೆಯಿರಿ. ಅಲ್ಲಿನ ಹಿರಿಯ ಶುಶ್ರೂಷಾಧಿಕಾರಿಯನ್ನು ಗುರುವೆಂದು ತಿಳಿಯಿರಿ. ಕೈ ತಿದ್ದುವವರು ಅವರೇ.

ಮೊದಲು ಪಾರ್ಟೋಗ್ರಾಫ್, ಅಂದರೆ ಹೆರಿಗೆ ಹೇಗೆ ಮುಂದುವರಿಯುತ್ತಿದೆ ಎಂದು ಗೆರೆ ಎಳೆದು ತೋರಿಸುವ ಕಾಗದ. ಸರ್ಕಾರಿ ನಮೂನೆಯಲ್ಲಿ ಗರ್ಭದ್ವಾರ 4 ಸೆಂ.ಮೀ. ತೆರೆದ ಮೇಲೆ ಗೆರೆ ಶುರು. ಅರ್ಧ ಗಂಟೆಗೊಮ್ಮೆ ಮಗುವಿನ ಎದೆಬಡಿತ ಮತ್ತು ನೋವಿನ ಲೆಕ್ಕ, ನಾಲ್ಕು ಗಂಟೆಗೊಮ್ಮೆ ಒಳಪರೀಕ್ಷೆ. ಹೆರಿಗೆಯಾದ ಮೇಲೆ ಕೂತು ತುಂಬಿಸಿದ ಪಾರ್ಟೋಗ್ರಾಫ್‌ನಿಂದ ಯಾವ ತಾಯಿಯೂ ಉಳಿಯುವುದಿಲ್ಲ. ಗೆರೆ ಎಚ್ಚರಿಕೆಯ ರೇಖೆ ದಾಟಿದ ಕ್ಷಣ ದೊಡ್ಡ ಆಸ್ಪತ್ರೆಗೆ ಕಳಿಸುವ ಯೋಚನೆ ಶುರುವಾಗಬೇಕು ಎಂಬುದಕ್ಕೇ ಆ ಕಾಗದ ಇರುವುದು.

ಎರಡನೆಯದು ಹೆರಿಗೆಯ ನಂತರದ ರಕ್ತಸ್ರಾವ ತಡೆಯುವುದು. ಮಗು ಹೊರಬಂದ ಒಂದು ನಿಮಿಷದೊಳಗೆ, ಒಳಗೆ ಇನ್ನೊಂದು ಮಗು ಇಲ್ಲವೆಂದು ಹೊಟ್ಟೆ ಮುಟ್ಟಿ ಖಚಿತಪಡಿಸಿಕೊಂಡು, ಗರ್ಭಕೋಶ ಗಟ್ಟಿಯಾಗಿಸುವ ಆಕ್ಸಿಟೋಸಿನ್ ಚುಚ್ಚುಮದ್ದು 10 ಯೂನಿಟ್ ಸ್ನಾಯುವಿಗೆ. 5 ಯೂನಿಟ್‌ನ ಆಂಪೂಲ್ ಆದರೆ ಎರಡು. ಮಾಸು, ಹಳ್ಳಿ ಮಾತಿನಲ್ಲಿ ಕಸ, ಬೀಳುವ ಮುನ್ನ ಗರ್ಭಕೋಶ ಗಟ್ಟಿಯಾಗದೆ ಹೊಕ್ಕುಳ ಬಳ್ಳಿ ಎಳೆದರೆ ಗರ್ಭಕೋಶವೇ ಒಳಹೊರಗಾಗಿ ತಿರುಗಿ ಬರುವ ಅಪಾಯವಿದೆ. ಒಂದು ಕೈ ಕಿಬ್ಬೊಟ್ಟೆಯ ಮೂಳೆಯ ಮೇಲೆ ಗರ್ಭಕೋಶವನ್ನು ಹಿಂದಕ್ಕೆ ತಡೆದಿರಲೇಬೇಕು. ಆಕ್ಸಿಟೋಸಿನ್ ಇರಬೇಕಾದದ್ದು 2ರಿಂದ 8 ಡಿಗ್ರಿ ತಂಪಿನಲ್ಲಿ. ಏಪ್ರಿಲ್ ಬಿಸಿಲಿನಲ್ಲಿ ದಿನಗಟ್ಟಲೆ ಟ್ರೇಯಲ್ಲೇ ಬಿದ್ದಿದ್ದರೆ ಶಕ್ತಿ ಕಳೆದುಕೊಳ್ಳುತ್ತದೆ. ಚುಚ್ಚಿಯೂ ರಕ್ತ ನಿಲ್ಲದಿದ್ದಾಗ ಕಾರಣ ಕೆಲವೊಮ್ಮೆ ಇದೇ ಆಗಿರುತ್ತದೆ. ಪಾಳಿಗೆ ಬಂದ ಕೂಡಲೇ ಫ್ರಿಜ್ ತೆರೆದು ನೋಡುವ ಅಭ್ಯಾಸ ಮಾಡಿಕೊಳ್ಳಿ.

ಮೂರನೆಯದು ಫಿಟ್ಸ್ ಬಂದ ಬಸುರಿ. ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಸಾಗಿಸುವ ಮುನ್ನ ಮ್ಯಾಗ್ನೀಸಿಯಂ ಸಲ್ಫೇಟ್ 10 ಗ್ರಾಂ, ಎರಡೂ ಪೃಷ್ಠಗಳಿಗೆ 5 ಗ್ರಾಂನಂತೆ ಸ್ನಾಯುವಿನ ಆಳಕ್ಕೆ. 50 ಪ್ರತಿಶತದ 2 ಮಿ.ಲೀ. ಆಂಪೂಲಿನಲ್ಲಿ 1 ಗ್ರಾಂ ಇರುತ್ತದೆ, ಅಂದರೆ ಒಟ್ಟು ಹತ್ತು ಆಂಪೂಲ್. ಲೇಬಲ್ ಓದದೆ ಎಣಿಸಿದರೆ ತಪ್ಪುತ್ತದೆ, 25 ಪ್ರತಿಶತದ್ದೂ ಬರುತ್ತದೆ. ಮುಂದಿನ ಪ್ರತಿ ಡೋಸ್‌ಗೆ ಮುನ್ನ ಉಸಿರು ನಿಮಿಷಕ್ಕೆ 16ಕ್ಕಿಂತ ಕಡಿಮೆಯಿಲ್ಲವೇ, ಮೊಣಕಾಲಿನ ಪ್ರತಿಕ್ರಿಯೆ ಇದೆಯೇ, ಮೂತ್ರ ಗಂಟೆಗೆ 30 ಮಿ.ಲೀ. ಬರುತ್ತಿದೆಯೇ ಎಂದು ನೋಡಬೇಕು. ಈ ಔಷಧಿಯೇ ಹೆಚ್ಚಾಗಿ ವಿಷವೇರಿದರೆ ಕ್ಯಾಲ್ಸಿಯಂ ಗ್ಲುಕೋನೇಟ್ 10 ಪ್ರತಿಶತದ್ದು 10 ಮಿ.ಲೀ., ನಿಧಾನವಾಗಿ ರಕ್ತನಾಳಕ್ಕೆ.

ಹೆರಿಗೆ ಕೊಠಡಿಯ ಆಚೆಯೂ ಕಲಿಯುವುದಿದೆ. ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ವಿಶೇಷ ತಪಾಸಣೆ ನಡೆಯುತ್ತದೆ. ಆ ದಿನ ತಪ್ಪಿಸಬೇಡಿ. ಒಂದೇ ಬೆಳಗ್ಗೆ ಹತ್ತಾರು ತಾಯಿ ಕಾರ್ಡ್ ಓದುವ ಅವಕಾಶ ಬೇರೆಲ್ಲೂ ಇಲ್ಲ. ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿದ್ದರೆ ರಕ್ತಹೀನತೆ, 7ಕ್ಕಿಂತ ಕೆಳಗಿಳಿದರೆ ಮಾತ್ರೆ ಬರೆದು ಮನೆಗೆ ಕಳಿಸುವಂತಿಲ್ಲ. 30ರಿಂದ 65 ವರ್ಷದವರಿಗೆ ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಯನ್ನೂ ಕಲಿಯಿರಿ. 5 ಮಿ.ಲೀ. ಗ್ಲೇಸಿಯಲ್ ಅಸಿಟಿಕ್ ಆಮ್ಲಕ್ಕೆ 95 ಮಿ.ಲೀ. ಡಿಸ್ಟಿಲ್ಡ್ ನೀರು, ಅದನ್ನು ಗರ್ಭಕೊರಳಿಗೆ ಹಚ್ಚಿ ಒಂದು ನಿಮಿಷ ಕಾದು ಬಿಳಿ ಕಲೆ ಹುಡುಕುವುದು. ದ್ರಾವಣವನ್ನು ಅಂದಂದೇ ಮಾಡಿ, ನೀರು ಬೆರೆಸಿದ್ದನ್ನು ಕಣ್ಣಾರೆ ನೋಡಿ. ಬೆರೆಸದ ಆಮ್ಲ ಸುಡುತ್ತದೆ.

ಇಷ್ಟನ್ನೂ ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ ಬರೆದಿಡಿ. ಎಷ್ಟು ಹೆರಿಗೆ ನೋಡಿದೆ, ಎಷ್ಟಕ್ಕೆ ನೆರವಾದೆ, ಎಷ್ಟು ಮೇಲ್ವಿಚಾರಣೆಯಲ್ಲಿ ಸ್ವತಃ ಮಾಡಿದೆ, ಎಷ್ಟು ಹೊಲಿಗೆ, ಎಷ್ಟು ಕಾಪರ್-ಟಿ. ರೋಗಿಯ ಹೆಸರು ಬೇಡ. ವಾರಕ್ಕೊಮ್ಮೆ ವಿಭಾಗದ ವೈದ್ಯರ ಸಹಿ ಪಡೆಯಿರಿ. ಸಂದರ್ಶನದಲ್ಲಿ ಈ ಪುಸ್ತಕ ಮುಂದಿಟ್ಟವರ ಜೊತೆ ಮಾತುಕತೆಯೇ ಬೇರೆ ರೀತಿ ಸಾಗುತ್ತದೆ.

ಆರು ವರ್ಷ ಹೊರಗಿದ್ದೆ. ಖಾಯಿಲೆಯ ವಿಚಾರ ಕನ್ನಡದಲ್ಲಿ ಕೇಳಲು ತಡವರಿಸುತ್ತೇನೆ. ಇಲ್ಲಿ ಅರ್ಧ ಜನ ತೆಲುಗು ಮಾತಾಡುತ್ತಾರೆ.
— ಪಾವಗಡದ ಓದುಗರು

ಇದನ್ನು ಸಣ್ಣ ವಿಷಯವೆಂದು ಬಿಡದೆ ಕೇಳಿದ್ದು ಒಳ್ಳೆಯದಾಯಿತು. 'ಋತುಚಕ್ರ', 'ಶ್ವೇತಸ್ರಾವ' ಎಂದು ಕೇಳಿದರೆ ಎದುರಿಗಿರುವಾಕೆ ಸುಮ್ಮನೆ ತಲೆಯಾಡಿಸುತ್ತಾಳೆ. 'ಮುಟ್ಟು ಯಾವಾಗ ನಿಂತಿತು', 'ಬಿಳಿ ಹೋಗ್ತದಾ', 'ಮಗು ಮಿಸುಕಾಡ್ತದಾ', 'ನೀರು ಹೋಯ್ತಾ' ಎಂದು ಕೇಳಿ. 'ಹೊರಗಾಗಿದೀನಿ' ಎಂದರೆ ಮುಟ್ಟಾಗಿದ್ದೇನೆ ಎಂದರ್ಥ. 'ಕೆಳಗೆ ಏನೋ ಜಾರಿದಂಗೆ' ಎಂದರೆ ಗರ್ಭಕೋಶ ಇಳಿದಿರಬಹುದು. ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಕಡೆ 'ನೊಪ್ಪುಲು ಎಪ್ಪಟಿನುಂಚಿ' (ನೋವು ಯಾವಾಗಿನಿಂದ), 'ಬಿಡ್ಡ ಕದುಲುತುಂದಾ' (ಮಗು ಮಿಸುಕಾಡ್ತದಾ) ಎಂಬ ಎರಡು ತೆಲುಗು ಪ್ರಶ್ನೆಗಳು ಗೊತ್ತಿದ್ದರೂ ಅರ್ಧ ಕೆಲಸ ಆದಂತೆ. ಕೆ.ಜಿ.ಎಫ್.ನಲ್ಲಾದರೆ ತಮಿಳು ಬೇಕು.

ಒಂದು ಮಾತನ್ನು ಮಾತ್ರ ಎಂದೂ ಹಗುರವಾಗಿ ತೆಗೆದುಕೊಳ್ಳಬೇಡಿ. ಏಳೆಂಟು ತಿಂಗಳ ಬಸುರಿ ಎದೆಗೂಡಿನ ಕೆಳಗೆ ಕೈಯಿಟ್ಟು 'ಗ್ಯಾಸ್ ಆಗಿದೆ' ಎಂದರೆ ಗ್ಯಾಸಿನ ಮಾತ್ರೆಗೆ ಮುಂಚೆ ರಕ್ತದೊತ್ತಡ ನೋಡಿ. ತಲೆನೋವು, ಕಣ್ಣು ಮಂಜು ಇದೆಯೇ ಎಂದು ಕೇಳಿ. ಫಿಟ್ಸ್ ಬರುವ ಮುನ್ನ ಕಾಣಿಸುವ ನೋವು ಇದೇ ಜಾಗದ್ದು.

ಕೊನೆಯ ಮುಟ್ಟಿನ ತಾರೀಕು ನೆನಪಿಲ್ಲ ಎಂದರೆ ಹಬ್ಬ ಹಿಡಿದು ಹೋಗಿ. ಯುಗಾದಿಗೆ ಮುಂಚೆಯೋ ಆಮೇಲೋ? ಶಿವರಾತ್ರಿಯ ಸಿದ್ಧಗಂಗೆ ಜಾತ್ರೆ ಹೊತ್ತಿಗೆ ತಲೆಗೆ ಸ್ನಾನ ಆಗಿತ್ತೇ? ತಾರೀಕು ಸಿಕ್ಕಿದರೆ ಹೆರಿಗೆಯ ದಿನದ ಅಂದಾಜಿಗೆ ಅದಕ್ಕೆ ಒಂಬತ್ತು ತಿಂಗಳು ಏಳು ದಿನ ಕೂಡಿಸಿ.

ಕಾಯಂ ನೋಂದಣಿ ಆಗಿದೆ. ಕೋಲಾರ ಜಿಲ್ಲೆಯಲ್ಲಿ ಎಲ್ಲೆಲ್ಲಿ ವಿಚಾರಿಸಬೇಕು? ಸೇರುವ ಮುಂಚೆ ಏನೇನು ಕೇಳಬೇಕು?
— ಮಾಲೂರಿನ ಓದುಗರು

ಸರ್ಕಾರದ ಗುತ್ತಿಗೆ ಹುದ್ದೆಗಳ ಪ್ರಕಟಣೆ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿ ಕಚೇರಿಯ ಫಲಕದಲ್ಲೂ ಜಿಲ್ಲೆಯ ವೆಬ್‌ಸೈಟಿನಲ್ಲೂ ಬರುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರ, ನಮ್ಮ ಕ್ಲಿನಿಕ್, ತಾಲ್ಲೂಕು ಆಸ್ಪತ್ರೆ ಎಲ್ಲಕ್ಕೂ ಎಂ.ಬಿ.ಬಿ.ಎಸ್. ವೈದ್ಯರನ್ನು ಹೀಗೆ ತೆಗೆದುಕೊಳ್ಳುತ್ತಾರೆ. ಹೆಚ್ಚಾಗಿ ನೇರ ಸಂದರ್ಶನ, ಕೆಲವೇ ದಿನಗಳ ಗಡುವು. ಆದ್ದರಿಂದ ನೋಂದಣಿ, ಎಫ್.ಎಂ.ಜಿ.ಇ. ಫಲಿತಾಂಶ, ಇಂಟರ್ನ್‌ಶಿಪ್ ಪ್ರಮಾಣಪತ್ರ, ಎಸ್.ಎಸ್.ಎಲ್.ಸಿ., ಪಿ.ಯು.ಸಿ. ಅಂಕಪಟ್ಟಿ, ಜಾತಿ ಪ್ರಮಾಣಪತ್ರಗಳ ಮೂರು ಸೆಟ್ ಜೆರಾಕ್ಸ್ ಸದಾ ಸಿದ್ಧವಿರಲಿ. ಕೋಲಾರದ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆ, ಟಮಕದ ದೇವರಾಜ ಅರಸು ವೈದ್ಯಕೀಯ ಕಾಲೇಜು, ಇಟಿಸಿಎಂನಂಥ ಹಳೆಯ ಮಿಷನ್ ಆಸ್ಪತ್ರೆಗಳಲ್ಲಿ ಪ್ರಸೂತಿ ವಿಭಾಗಕ್ಕೆ ಕಿರಿಯ ವೈದ್ಯರು ಬೇಕೇ ಎಂದು ಖುದ್ದಾಗಿ ಹೋಗಿ ಕೇಳಿ. ಮೊದಲ ವರ್ಷ ಸಂಬಳ ತುಸು ಕಡಿಮೆಯಾದರೂ ಹೆರಿಗೆ ಹೆಚ್ಚು ಆಗುವ ಕಡೆಗೇ ಸೇರಿ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಖಾಸಗಿ ನರ್ಸಿಂಗ್ ಹೋಮ್‌ನಲ್ಲಿ ಡ್ಯೂಟಿ ಡಾಕ್ಟರ್ ಆಗುವುದಾದರೆ ಸಂಬಳಕ್ಕಿಂತ ಮೊದಲು ಇವನ್ನು ಕೇಳಿ. ತಜ್ಞರು ರಾತ್ರಿ ಕರೆದರೆ ಎಷ್ಟು ನಿಮಿಷದಲ್ಲಿ ಬರುತ್ತಾರೆ? ಅರಿವಳಿಕೆಯವರು ಯಾರು? ರಕ್ತ ಎಲ್ಲಿಂದ ಬರಬೇಕು? ಒಮ್ಮೆಗೆ ಎಷ್ಟು ರೋಗಿಗಳ ಹೊಣೆ? ಉತ್ತರ ತಡವರಿಸಿದರೆ ಆ ಕೆಲಸ ಬೇಡ. ಮೂಲ ಪ್ರಮಾಣಪತ್ರಗಳನ್ನು ತೋರಿಸಿ ವಾಪಸ್ ತನ್ನಿ, ಒತ್ತೆ ಇಡಬೇಡಿ. ನೀವು ಕೆಲಸ ಮಾಡದ ಆಸ್ಪತ್ರೆಯ ನೋಂದಣಿಗೆ ನಿಮ್ಮ ಹೆಸರು, ಸಹಿ ಕೊಡಬೇಡಿ. ಅಲ್ಲಿ ಬೇರೆಯವರು ಮಾಡಿದ ತಪ್ಪಿಗೂ ವಿವರಣೆ ಕೇಳಿ ನೋಟಿಸ್ ನಿಮಗೇ ಬರುತ್ತದೆ.

ಎಂ.ಬಿ.ಬಿ.ಎಸ್. ಮಟ್ಟದಲ್ಲೇ ಸ್ಕ್ಯಾನಿಂಗ್ ಮತ್ತು ಗರ್ಭಪಾತ ಮಾಡಬಹುದೇ? ಮಾಡಬಹುದು ಎನ್ನುವವರೂ ಇದ್ದಾರೆ.
— ಗೌರಿಬಿದನೂರಿನ ಓದುಗರು

ತರಬೇತಿ ಪಡೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಬಸುರಿಯರ ಸ್ಕ್ಯಾನಿಂಗ್‌ಗೆ 2014ರ ನಿಯಮದಂತೆ ಮಾನ್ಯತೆಯಿರುವ ಸಂಸ್ಥೆಯಲ್ಲಿ ಆರು ತಿಂಗಳ, 300 ಗಂಟೆಗಳ ತರಬೇತಿ ಮುಗಿಸಿ ಪಾಸಾಗಬೇಕು. ವಾರಾಂತ್ಯದ ಸರ್ಟಿಫಿಕೇಟ್ ಕೋರ್ಸುಗಳಿಗೆ ಕಾನೂನಿನ ಬೆಲೆಯಿಲ್ಲ. ಆಮೇಲೂ ಒಂದು ಜಿಲ್ಲೆಯಲ್ಲಿ ಎರಡು ಕೇಂದ್ರಗಳಿಗಿಂತ ಹೆಚ್ಚು ಕಡೆ ಹೆಸರು ನೋಂದಾಯಿಸುವಂತಿಲ್ಲ. ಪ್ರತಿ ಬಸುರಿಗೂ ಸ್ಕ್ಯಾನಿಂಗ್ ವಿವರ ಬರೆಯುವ ಫಾರಂ ಎಫ್ ಪೂರ್ತಿ ತುಂಬಬೇಕು, ಎರಡು ವರ್ಷ ಕಾಪಾಡಬೇಕು. ಲಿಂಗ ತಿಳಿಸಿದರೆ ಮೊದಲ ತಪ್ಪಿಗೇ ಮೂರು ವರ್ಷದವರೆಗೆ ಸಜೆ. ಅಜ್ಜಿ ಎಷ್ಟು ಅತ್ತರೂ, ಸಂಬಂಧಿಕರು ಎಷ್ಟು ಒತ್ತಾಯಿಸಿದರೂ ಬಾಯಿ ತೆರೆಯಬೇಡಿ.

ಗರ್ಭಪಾತದ ವಿಷಯದಲ್ಲಿ, ಮಾನ್ಯ ಕೇಂದ್ರದಲ್ಲಿ 25 ಪ್ರಕರಣಗಳಿಗೆ ನೆರವಾಗಿ, ಅವುಗಳಲ್ಲಿ ಕನಿಷ್ಠ 5ನ್ನು ಸ್ವತಃ ಮಾಡಿದ ಎಂ.ಬಿ.ಬಿ.ಎಸ್. ವೈದ್ಯರು 12 ವಾರದವರೆಗೆ ಮಾತ್ರ ಮಾಡಬಹುದು, ಅದೂ ಅನುಮತಿ ಪಡೆದ ಜಾಗದಲ್ಲಿ. ಪ್ರಸೂತಿ ವಿಭಾಗದಲ್ಲಿ ಆರು ತಿಂಗಳ ಹೌಸ್ ಸರ್ಜನ್ಸಿ ಅಥವಾ ಸೌಲಭ್ಯಗಳಿರುವ ಆಸ್ಪತ್ರೆಯಲ್ಲಿ ಒಂದು ವರ್ಷದ ಅನುಭವವೂ ಅರ್ಹತೆಯೇ. ನಿಮ್ಮ ಏಳು ವಾರದ ಇಂಟರ್ನ್‌ಶಿಪ್ ಅದಕ್ಕೆ ಸಾಲದು. ಬಂದ ಹೆಣ್ಣುಮಗಳ ಹೆಸರು ಗುಟ್ಟಾಗಿಡುವುದು ಕಾನೂನಿನ ಕಟ್ಟಳೆ.

ಮುಂದೆ ಸ್ತ್ರೀರೋಗ ತಜ್ಞೆ ಆಗಲೇಬೇಕೆಂದಿದೆ. ವಿದೇಶದ ಡಿಗ್ರಿ ಅಡ್ಡಿಯೇ?
— ತಿಪಟೂರಿನ ಓದುಗರು

ಅಡ್ಡಿಯಿಲ್ಲ. ಎಫ್.ಎಂ.ಜಿ.ಇ., ಇಂಟರ್ನ್‌ಶಿಪ್ ಮುಗಿಸಿದವರು ಎಲ್ಲರಂತೆ ತಜ್ಞರ ಓದಿನ ಪ್ರವೇಶ ಪರೀಕ್ಷೆಯಾದ ನೀಟ್ ಪಿಜಿ ಬರೆಯಬಹುದು. ಇಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ, ಸರಿಗೆ 4, ತಪ್ಪಿಗೆ 1. ತಜ್ಞೆಯಾಗುವ ಪದವಿಗಳಾದ ಎಂ.ಎಸ್. ಮತ್ತು ಡಿ.ಎನ್.ಬಿ. ಮೂರು ವರ್ಷದವು. ರ‍್ಯಾಂಕ್ ಅಲ್ಲಿಗೆ ಮುಟ್ಟದಿದ್ದರೆ ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಪ್ರಸೂತಿ ಡಿಪ್ಲೊಮಾ ಇದೆ, ಎರಡು ವರ್ಷ, ಅದಕ್ಕೂ ಇದೇ ಪರೀಕ್ಷೆ. ಹೆಚ್ಚಿನವರು ಇದನ್ನು ಗಮನಿಸುವುದೇ ಇಲ್ಲ. ಕೌನ್ಸೆಲಿಂಗ್‌ನಲ್ಲಿ ಆಯ್ಕೆ ತುಂಬುವಾಗ ಆಯಾ ಆಸ್ಪತ್ರೆಯಲ್ಲಿ ತಿಂಗಳಿಗೆ ಎಷ್ಟು ಹೆರಿಗೆ ಆಗುತ್ತದೆ ಎಂದು ಅಲ್ಲಿ ಓದುತ್ತಿರುವವರನ್ನೇ ಕೇಳಿ, ಆಮೇಲೆ ಕ್ರಮ ಹಾಕಿ.