ಲಂಚದ ಬಿಲ್ ಪಾಸ್ ಮಾಡು ಅಂತಿದಾರೆ, ಏನ್ ಮಾಡ್ಲಿ?

ಪ್ರಶ್ನೆ: ಸರ್, ಪೀಣ್ಯದಲ್ಲಿ ಒಂದು ಪ್ರೈವೇಟ್ ಕಂಪನಿಲಿ ಅಕೌಂಟ್ಸ್ ನೋಡ್ಕೋತೀನಿ. ಲೈಸೆನ್ಸ್ ಮಾಡ್ಸೋ ಕನ್ಸಲ್ಟೆಂಟ್ ಬಿಲ್‌ನಲ್ಲಿ ಬರೀ "ಲಯಾಸನ್ ಚಾರ್ಜಸ್" (ಸರ್ಕಾರಿ ಕಚೇರಿ ಓಡಾಟದ ಖರ್ಚು) ಅಂತಿರುತ್ತೆ, ದುಡ್ಡು ಆಫೀಸರ್‌ಗೆ ಹೋಗೋದು ಎಲ್ರಿಗೂ ಗೊತ್ತು. ಬಾಯಿ ಬಿಟ್ರೆ ಕೆಲಸ ಹೋಗುತ್ತೆ. ಅಕ್ರಮ ಬಯಲು ಮಾಡೋರನ್ನ ರಕ್ಷಿಸೋ ವಿಸಲ್‌ಬ್ಲೋವರ್ ಕಾಯ್ದೆ ಇದೆಯಲ್ಲ, ಅದು ಕಾಪಾಡುತ್ತಾ?

ಉತ್ತರ: ಆ ಕಾಯ್ದೆ ನಂಬ್ಕೊಂಡು ಕೂರ್ಬೇಡಿ. ನಮ್ಮ ಕೆಜಿಎಫ್‌ನಲ್ಲಿ ಬೆಳೆದ ಷಣ್ಮುಗಂ ಮಂಜುನಾಥ್, ಇಂಡಿಯನ್ ಆಯಿಲ್ ಅಧಿಕಾರಿ, ಉತ್ತರ ಪ್ರದೇಶದಲ್ಲಿ ಕಲಬೆರಕೆ ಬಂಕ್ ವಿರುದ್ಧ ಹೋಗಿದ್ದಕ್ಕೆ 2005ರಲ್ಲಿ ಗುಂಡೇಟಿಗೆ ಬಲಿಯಾದ್ರು, ಅಂಥವರಿಗೋಸ್ಕರ ಅಂತ 2014ರಲ್ಲಿ ಕಾಯ್ದೆ ಪಾಸ್ ಏನೋ ಆಯ್ತು, ಆದ್ರೆ ಜಾರಿಗೇ ತರ್ಲಿಲ್ಲ. ತಂದಿದ್ರೂ ಅದು ಸರ್ಕಾರಿ ವ್ಯವಸ್ಥೆಗೆ ಮಾಡಿದ್ದು, ಪ್ರೈವೇಟ್ ಮಾಲೀಕರನ್ನ ತಡೆಯೋಕಲ್ಲ.

ನಿಮಗೆ ಕೆಲಸಕ್ಕೆ ಬರೋದು ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಆದ ತಿದ್ದುಪಡಿ. ಲಂಚ ಕೊಟ್ಟವರಿಗೂ 7 ವರ್ಷದವರೆಗೆ ಜೈಲು, ಕಂಪನಿ ಪರವಾಗಿ ಕನ್ಸಲ್ಟೆಂಟ್ ಕೊಟ್ರೂ ಕಂಪನಿಗೇ ದಂಡ, ಗೊತ್ತಿದ್ದೂ ಒಪ್ಪಿಕೊಂಡ ಡೈರೆಕ್ಟರ್‌ಗೆ ಕನಿಷ್ಠ 3 ವರ್ಷ. ಲಂಚ ತಡೆಯೋಕೆ ಸರಿಯಾದ ವ್ಯವಸ್ಥೆ ಇತ್ತು ಅಂತ ತೋರಿಸಿದ್ರೆ ಮಾತ್ರ ಕಂಪನಿ ಬಚಾವ್. ಅಂದ್ರೆ ಆ ಬಿಲ್ ನಿಮಗಿಂತ ನಿಮ್ ಎಂಡಿಗೆ ದೊಡ್ಡ ತಲೆನೋವು, ಅವ್ರಿಗೆ ಅದು ಗೊತ್ತಿಲ್ಲ ಅಷ್ಟೇ!

ಹಾಗಾಗಿ ಲಂಚ ಅಂತ ಕೂಗಾಡ್ಬೇಡಿ, ಒಂದು ಸಾದಾ ಮೇಲ್ ಹಾಕಿ: "ಈ ಬಿಲ್ ಯಾವ ಅರ್ಜಿಗೆ ಸಂಬಂಧಿಸಿದ್ದು, ಸರ್ಕಾರಕ್ಕೆ ಕಟ್ಟಿದ ಚಲನ್ ಕಾಪಿ ಕೊಡಿ, ಬಂದ್ಮೇಲೆ ಪಾಸ್ ಮಾಡ್ತೀನಿ." ಆಡಿಟರ್ ಕೇಳೋದೂ ಇದನ್ನೇ ಆದ್ದರಿಂದ ಯಾರೂ ತಪ್ಪು ಹಿಡಿಯೋಕಾಗಲ್ಲ, ನೀವು ತಡೆದಿದ್ರಿ ಅನ್ನೋದಕ್ಕೆ ತಾರೀಖಿನ ಸಮೇತ ದಾಖಲೆನೂ ಆಯ್ತು. ಬಾಯಲ್ಲಿ ಹೇಳಿ ಸುಮ್ನಾದ್ರೆ ನಾಳೆ ವೋಚರ್ ಮೇಲಿರೋದು ನಿಮ್ ಸೈನ್ ಮಾತ್ರ.

ಕಂಪನಿ ಷೇರುಪೇಟೆಲಿ ಲಿಸ್ಟೆಡ್ ಆಗಿದ್ರೆ, ಇಲ್ಲಾ ಬ್ಯಾಂಕ್ ಸಾಲ 50 ಕೋಟಿ ದಾಟಿದ್ರೆ, ಕಂಪನಿ ಕಾಯ್ದೆ ಕಲಂ 177ರ ಪ್ರಕಾರ ವಿಜಿಲ್ ಮೆಕ್ಯಾನಿಸಂ, ಅಂದ್ರೆ ಅಕ್ರಮದ ಬಗ್ಗೆ ಕಂಪನಿ ಒಳಗೇ ದೂರು ಕೊಡೋ ವ್ಯವಸ್ಥೆ, ಇರಲೇಬೇಕು. ಲೆಕ್ಕಪತ್ರದ ಮೇಲೆ ಕಣ್ಣಿಡೋ ಡೈರೆಕ್ಟರ್‌ಗಳ ಆಡಿಟ್ ಕಮಿಟಿ ಇದ್ರೆ ಅದ್ರ ಅಧ್ಯಕ್ಷರಿಗೇ ಬರೀಬಹುದು, ದೂರು ಕೊಟ್ಟವರಿಗೆ ಕಿರುಕುಳ ಕೊಡೋ ಹಾಗಿಲ್ಲ ಅಂತ ಕಾನೂನೇ ಹೇಳುತ್ತೆ. ಸಾಲ ಎಷ್ಟು ಅಂತ ನೋಡೋಕೆ ಬ್ಯಾಲೆನ್ಸ್ ಶೀಟ್ ನಿಮ್ ಕೈಲೇ ಇದೆಯಲ್ಲ.

ಇನ್ನು ಆಫೀಸರೇ ಬಲವಂತ ಮಾಡಿ ಕಿತ್ಕೊಂಡಿದ್ರೆ, ಕೊಟ್ಟ 7 ದಿನದೊಳಗೆ ಪೊಲೀಸರಿಗೆ ತಿಳಿಸಿದ್ರೆ ಕೊಟ್ಟವರಿಗೆ ಶಿಕ್ಷೆ ಇಲ್ಲ, ರಾಜ್ಯ ಸರ್ಕಾರಿ ನೌಕರರಾದ್ರೆ ಲೋಕಾಯುಕ್ತ ಪೊಲೀಸರ ಹತ್ರ ಹೋಗಿ. ಕೊಡೋಕೆ ಮೊದಲೇ ಹೋದ್ರೆ ಇನ್ನೂ ಒಳ್ಳೇದು. ಆದ್ರೆ ಕಂಪನಿ ಫೈಲ್‌ಗಳನ್ನ ವಕೀಲರನ್ನ ಕೇಳದೆ ಪರ್ಸನಲ್ ಜಿಮೇಲ್‌ಗೆ ಕಳಿಸ್ಕೋಬೇಡಿ, ಡೇಟಾ ಕದ್ದ ಅಂತ ನಿಮ್ ಮೇಲೇ ತಿರುಗಿಸ್ತಾರೆ.