ಆ ಹಾಳೆಯ ಹಿಂದೆ ಏನಿತ್ತು?

ಓದುಗರೊಬ್ಬರ ಪತ್ರ: "ಮಗಳ ಮನೆಗೆಂದು ನ್ಯೂಯಾರ್ಕ್‌ಗೆ ಹೋದಾಗ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಪರ್ಷಿಯಾದ ರಾಜರ ಕಥೆ ಹೇಳುವ ಶಾಹನಾಮೆ ಕಾವ್ಯದ ಹಳೆಯ ಕೈಬರಹದ ಪುಸ್ತಕದಿಂದ ಬಿಡಿಸಿದ ಚಿತ್ರದ ಹಾಳೆ ನೋಡಿದೆ. ರಾಜ ಹೂಶಂಗ್ ಬೆಂಕಿಯ ಹಬ್ಬ ಮಾಡುತ್ತಿರುವ ಚಿತ್ರ. ಎಂಥ ಬಣ್ಣ! ಪುಸ್ತಕ ಬಿಚ್ಚಿದ್ದರಿಂದಲೇ ಅಲ್ವಾ ನನ್ನಂಥವರಿಗೂ ಅದು ಕಾಣಿಸಿದ್ದು?"

ಸಂಪಾದಕರ ಉತ್ತರ:

ನಿಮ್ಮ ಪತ್ರ ಓದಿ ಖುಷಿಯೂ ಆಯಿತು, ಸಂಕಟವೂ ಆಯಿತು. ಬೀರುವಿನಲ್ಲಿ ಬೀಗ ಹಾಕಿಟ್ಟ ಪುಸ್ತಕ ಯಾರಿಗೂ ಸಿಗುವುದಿಲ್ಲ, ಆ ಮಾತು ಒಪ್ಪಿದೆ. ಆದರೆ ಬಿಚ್ಚಿದ್ದು ಒಳ್ಳೆಯದಾಯಿತು ಅಂತ ಮಾತ್ರ ನನ್ನ ಬಾಯಲ್ಲಿ ಬರುವುದಿಲ್ಲ.

ನಮ್ಮ ಅಜ್ಜಿ ಹಳೆಯ ಮಾಸಪತ್ರಿಕೆಗಳನ್ನು ವರ್ಷಕ್ಕೊಂದರಂತೆ ಬೈಂಡ್ ಮಾಡಿಸಿ ಇಟ್ಟಿದ್ದರು. ಅದರಲ್ಲಿದ್ದ ಕೃಷ್ಣನ ಚಿತ್ರವನ್ನು ಯಾರೋ ಬ್ಲೇಡಿನಿಂದ ಕತ್ತರಿಸಿ, ಕಟ್ಟು ಹಾಕಿಸಿ ದೇವರ ಮನೆಯಲ್ಲಿಟ್ಟರು. ನಾನು ಓದುತ್ತಿದ್ದ ಕಥೆಯಲ್ಲಿ 40ನೇ ಪುಟದಲ್ಲಿ ಹುಡುಗಿ ಬಸ್ಸಿನಿಂದ ಇಳಿಯುತ್ತಾಳೆ, 43ನೇ ಪುಟದಲ್ಲಿ ಅಳುತ್ತಿದ್ದಾಳೆ. ಯಾಕೆ ಅತ್ತಳು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಅದನ್ನು ಹೇಳುವ ಪುಟ ಕೃಷ್ಣನ ಬೆನ್ನ ಹಿಂದೆ ಗೋಡೆಗೆ ಮುಖ ಮಾಡಿಕೊಂಡಿತ್ತು.

ನೀವು ನೋಡಿದ ಹಾಳೆಯ ಪಾಡೂ ಅದೇ. 1520ರ ದಶಕದಲ್ಲಿ ಇರಾನಿನ ತಬ್ರೀಜ್‌ನಲ್ಲಿ ದೊರೆ ಶಾಹ ತಹಮಾಸ್ಪನಿಗಾಗಿ ತಯಾರಾಗುತ್ತಿದ್ದ ಪುಸ್ತಕ ಅದು. 759 ಹಾಳೆ, 258 ಚಿತ್ರ. 1568ರಲ್ಲಿ ತುರ್ಕಿಯ ಆಟೊಮನ್ ಸುಲ್ತಾನನಿಗೆ ಉಡುಗೊರೆಯಾಗಿ ಹೋಯಿತು, ಆಮೇಲೆ ಪ್ಯಾರಿಸ್‌ನ ಶ್ರೀಮಂತರ ಮನೆ ಸೇರಿತು. ಇಷ್ಟೆಲ್ಲ ಕೈ ಬದಲಾದರೂ ಪುಸ್ತಕ ಪುಸ್ತಕವಾಗಿಯೇ ಇತ್ತು. 1959ರಲ್ಲಿ ಅಮೆರಿಕದ ಪುಸ್ತಕ ಸಂಗ್ರಾಹಕ ಆರ್ಥರ್ ಹೌಟನ್ ಕೊಂಡರು, ಹೊಲಿಗೆ ಬಿಚ್ಚಿಸಿದರು. 78 ಚಿತ್ರ ಈ ಮ್ಯೂಸಿಯಂಗೆ ಕೊಟ್ಟರು, 1976ರಿಂದ ಉಳಿದ ಹಾಳೆಗಳು ಹರಾಜಿಗೆ ಬರತೊಡಗಿದವು. ಅಳಿದುಳಿದ 118 ಚಿತ್ರ 1994ರಲ್ಲಿ ಇರಾನಿಗೆ ವಾಪಸಾದವು, ಅದೂ ಅಮೆರಿಕದ ಚಿತ್ರಕಾರ ಡಿ ಕೂನಿಂಗ್ ಬರೆದ ಒಂದು ಪೇಂಟಿಂಗ್‌ಗೆ ಬದಲಾಗಿ. 2011ರಲ್ಲಿ ಲಂಡನ್ನಿನ ಹರಾಜಿನಲ್ಲಿ ಒಂದೇ ಒಂದು ಹಾಳೆ 70 ಲಕ್ಷ ಪೌಂಡ್‌ಗೂ ಜಾಸ್ತಿಗೆ ಹೋಯಿತು. ಇಷ್ಟು ದುಡ್ಡು ಸಿಗುತ್ತದೆ ಅಂದಮೇಲೆ ಹೊಲಿಗೆಯನ್ನು ಯಾರು ಕಾಯುತ್ತಾರೆ, ಹೇಳಿ?

ಬಣ್ಣದ ಬಗ್ಗೆ ಇಷ್ಟು ಮೆಚ್ಚಿ ಬರೆದಿದ್ದೀರಿ, ಚಿತ್ರದೊಳಗೇ ಚೌಕ ಹಾಕಿ ಬರೆದಿರುವ ಪದ್ಯದ ಬಗ್ಗೆ ಒಂದು ಮಾತೂ ಇಲ್ಲವಲ್ಲ! ಹೂಶಂಗ್ ಹಾವಿಗೆ ಕಲ್ಲು ಬೀಸುತ್ತಾನೆ, ಅದು ಬಂಡೆಗೆ ಬಡಿದು ಕಿಡಿ ಹಾರುತ್ತದೆ. ಬೆಂಕಿ ಸಿಕ್ಕ ಆ ರಾತ್ರಿಯ ಹಬ್ಬವೇ ನೀವು ನೋಡಿದ್ದು. ಇದನ್ನು ಹೇಳುವುದು ಶಾಹನಾಮೆ ಬರೆದ ಕವಿ ಫಿರ್ದೌಸಿಯ ಪದ್ಯ, ಚಿತ್ರ ಅದರ ಜೊತೆಗೆ ಬಂದದ್ದು. ಗೋಡೆಗೆ ಹಾಕಿದ ಮೇಲೆ ಅಕ್ಷರ ಬರೀ ಅಲಂಕಾರ ಆಗಿಬಿಡುತ್ತದೆ. ನಮ್ಮ ಓಲೆಗರಿಗಳನ್ನೇ ನೋಡಿ, ದಾರ ಹರಿದು ನಾಲ್ಕು ಗರಿ ಅತ್ತಿತ್ತ ಆದರೆ ಇಡೀ ಕಾವ್ಯ ಕುಂಟುತ್ತದೆ. ಈಗಂತೂ ಎಲ್ಲದರಲ್ಲೂ ಇದೇ ಆಗಿದೆ. ಕಾದಂಬರಿಯಿಂದ ಎರಡು ಸಾಲು ಕಿತ್ತು ಫೋನಿನಲ್ಲಿ ಹಂಚುತ್ತಾರೆ, ಪುಸ್ತಕ ಓದಿದಿರಾ ಅಂದರೆ ಸುಮ್ನೆ ನಗುತ್ತಾರೆ.

ಮತ್ತೆ ಮಗಳ ಮನೆಗೆ ಹೋಗುತ್ತೀರಲ್ಲ, ಆಗ ಮ್ಯೂಸಿಯಂನವರನ್ನು ಕೇಳಿ, ಆ ಹಾಳೆಯ ಇನ್ನೊಂದು ಮಗ್ಗುಲಲ್ಲಿ ಏನು ಬರೆದಿದೆ ಅಂತ. ಅವರು ಹೇಳಿದ್ದನ್ನು ನನಗೂ ಬರೆಯಿರಿ.